ಚೊಚ್ಚಲ ಕೂಸುಮರಿ ಮಾರಾಟವಾದದ್ದು

೨೦೨೩ನೆಯ ಇಸವಿ ಜೂನ್ ತಿಂಗಳ ೧೪ನೆಯ ತಾರೀಖು, ಬುಧವಾರ. ಶೋಭಕೃತ್ ಸಂವತ್ಸರದ ಜ್ಯೇಷ್ಠ ಬಹುಳ ಏಕಾದಶಿ. ಗ್ರೀಷ್ಮ ಋತು ಅರ್ಧಕ್ಕೆ ಬಂದಿತ್ತು. ಮೃಗಶಿರಾ ಮಳೆ ಹುಟ್ಟಿ ವಾರವಾಗುತ್ತ ಬಂದರೂ ಚನ್ನಪಟ್ಟಣದ ನೆಲ ನೆನೆದಿರಲಿಲ್ಲ. ಬೆಳಿಗ್ಗೆ ಮೋಡ ಕಟ್ಟುವುದು, ಹತ್ತು ಗಂಟೆಯ ಹೊತ್ತಿಗೆ ಗಾಳಿಯೆದ್ದು ಅದನ್ನು ಕನಕಪುರದ ಕಡೆಗೆ ಅಟ್ಟಿಬಿಡುವುದು, ಇದೇ ನಡೆದಿತ್ತು. ಆ ಗಾಳಿಯಲ್ಲಿ ಸೆರಗನ್ನು ಸೊಂಟಕ್ಕೆ ಬಿಗಿದುಕೊಂಡು, ಗೊಂಬೆ ತುಂಬಿದ ಎರಡು ರಟ್ಟಿನ ಪೆಟ್ಟಿಗೆಗಳನ್ನು ಆಟೋದಿಂದ ಇಳಿಸಿಕೊಂಡು, ಗಂಗಲಕ್ಷ್ಮಮ್ಮ ಹಳೆಯ ಹೆದ್ದಾರಿಯ ಪಕ್ಕದ ‘ಬಸವಯ್ಯ ಅಂಡ್ ಸನ್ಸ್’ ಮಳಿಗೆಯ ಮೆಟ್ಟಿಲು ಹತ್ತಿದಾಗ ಹನ್ನೊಂದೂ ಇಪ್ಪತ್ತು.

ಆಕೆಗೆ ಆಗ ಐವತ್ತಾರು ವರ್ಷ. ಹುಟ್ಟಿದ್ದು ವಿರೂಪಾಕ್ಷಿಪುರದ ಒಕ್ಕಲು ಮನೆಯಲ್ಲಿ. ೧೯೮೪ರಲ್ಲಿ, ಹದಿನೇಳನೆಯ ವಯಸ್ಸಿನಲ್ಲಿ, ಪೀರ್ ಸಾಬ್ ಎಂಬ ಹಿರಿಯ ಕಸುಬುದಾರರ ಬಳಿ ಗೊಂಬೆ ಮಾಡುವ ಹಾಲೆ ಮರವನ್ನು ಲೇತಿಗೆ ಕೊಟ್ಟು ಕಡೆಯುವುದನ್ನೂ, ಸುತ್ತುವ ಮರಕ್ಕೆ ಅರಗಿನ ಕಡ್ಡಿ ಒತ್ತಿ ಬಣ್ಣವೇರಿಸುವುದನ್ನೂ, ತಾಳೆಗರಿಯಿಂದ ತಿಕ್ಕಿ ಹೊಳಪು ತರುವುದನ್ನೂ ಕಲಿತಳು. ಹೆಣ್ಣುಮಕ್ಕಳು ಬಣ್ಣಕ್ಕೆ ಮಾತ್ರ ಸಾಕು, ಉಳಿ ಹಿಡಿಯುವುದು ಗಂಡಸರ ಕೆಲಸ ಎನ್ನುತ್ತಿದ್ದ ಕಾಲವದು. ಪೀರ್ ಸಾಬ್ ಆ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಬಸವಯ್ಯನ ಮಳಿಗೆಗೆ ಆಕೆ ಮಾಲು ಕೊಡತೊಡಗಿದ್ದು ೨೦೦೨ರಿಂದ. ಇಪ್ಪತ್ತೊಂದು ವರ್ಷದಲ್ಲಿ ಒಂದು ಸಲವೂ ಹೇಳಿದ ದಿನ ತಪ್ಪಿಸಿದವಳಲ್ಲ.

ಆ ವರ್ಷದ ಮಾರ್ಚಿಯಿಂದ ಹೊಸ ಹೆದ್ದಾರಿ ಊರನ್ನು ಹೊರಗಿನಿಂದಲೇ ಬಳಸಿ ಹೋಗುತ್ತಿತ್ತು. ಮೈಸೂರಿಗೆ ಹೋಗುವ ಕಾರುಗಳು ಗೊಂಬೆ ಅಂಗಡಿಗಳ ಮುಂದೆ ನಿಲ್ಲುವುದು ಕಡಿಮೆಯಾಗಿತ್ತು. ಗಿರಾಕಿ ಬಾಗಿಲಿಗೆ ಬಾರದಿದ್ದರೆ ಬಾಗಿಲನ್ನೇ ಗಿರಾಕಿಯ ಬಳಿಗೆ ಒಯ್ಯಬೇಕೆಂದು ಬಸವಯ್ಯ ಬೆಂಗಳೂರಿನ ಕಂಪನಿಯೊಂದರಿಂದ ವೆಬ್‌ಸೈಟ್ ಮಾಡಿಸಿದ್ದ. ಅಂದು ಅಂಗಡಿಯಲ್ಲಿದ್ದ ನಾಲ್ಕೈದು ಗಿರಾಕಿಗಳಿಗೆ ಅದನ್ನು ತನ್ನ ಫೋನಿನಲ್ಲಿ ತೋರಿಸುತ್ತಿದ್ದವನು ಗಂಗಲಕ್ಷ್ಮಮ್ಮನಿಗೂ ತೋರಿಸಿದ.

ಮೊದಲ ಚಿತ್ರವೇ ಕೂಸುಮರಿ ಅಜ್ಜಿ. ಬೆನ್ನ ಮೇಲೆ ಮಗುವನ್ನು ಕೂಸುಮರಿ ಮಾಡಿಕೊಂಡು ಹೊರಟ ಮುದುಕಿ. ಅಡಿಯಲ್ಲಿ ನಾಲ್ಕು ಗಾಲಿ. ದಾರ ಹಿಡಿದು ಎಳೆದರೆ ಮಗುವಿನ ತಲೆ ಅತ್ತಿತ್ತ ಆಡುತ್ತದೆ. ಅದರ ಕೆಳಗೆ ಕನ್ನಡದಲ್ಲಿ ಬರೆದಿತ್ತು: “ಕಲ್ಪನೆ ಮತ್ತು ವಿನ್ಯಾಸ: ಶ್ರೀಮತಿ ಧನಲಕ್ಷ್ಮಿ, ೨೦೧೯.” ಧನಲಕ್ಷ್ಮಿ ಬಸವಯ್ಯನ ಸೊಸೆ.

ಗಂಗಲಕ್ಷ್ಮಮ್ಮ ಅದನ್ನು ಎರಡು ಸಲ ಓದಿದಳು. ಆ ಮುದುಕಿ ಬೇರೆ ಯಾರೂ ಅಲ್ಲ, ಆಕೆಯ ತಾಯಿ ಶಿವಲಿಂಗಮ್ಮ. ಮೊಮ್ಮಗಳನ್ನು ಬೆನ್ನಿಗೇರಿಸಿಕೊಂಡು ವಿರೂಪಾಕ್ಷಿಪುರದ ಕೆರೆ ಏರಿಯ ಮೇಲೆ ನಡೆದುಬರುತ್ತಿದ್ದ ಶಿವಲಿಂಗಮ್ಮನ ಬಾಗಿದ ಬೆನ್ನು, ಮೊಂಡು ಮೂಗು, ನೆತ್ತಿಯ ಮೇಲಿನ ಗಂಟು, ಒಂದೊಂದನ್ನೂ ನೆನೆದು ಆಕೆ ಕಡೆದದ್ದು. ತಾಯಿ ೨೦೧೨ರಲ್ಲಿ ತೀರಿಕೊಂಡ ಮೇಲೆ ಮನೆಯಲ್ಲಿ ಅವಳ ಒಂದು ಪಟವೂ ಇರಲಿಲ್ಲ. ಇದ್ದದ್ದು ಆ ಗೊಂಬೆ.

“ಬಸವಯ್ಯೋರೇ, ಇದು ನಾನ್ ಮಾಡಿದ್ದಲ್ವಾ?”

“ಮಾಡಿದ್ದು ನೀನೇ ಕಣಮ್ಮ. ಯಾರು ಇಲ್ಲ ಅಂದೋರು?”

“ಧನಲಕ್ಷ್ಮಮ್ಮನ ಹೆಸ್ರೈತಲ್ಲ.”

“ಓದಿರೋ ಹೆಣ್ಮಗಳ ಹೆಸ್ರಿದ್ರೆ ಬೆಂಗಳೂರೋರು ನಂಬ್ತಾರೆ. ವ್ಯಾಪಾರ ಕಣಮ್ಮ ಇದು, ನಿಂಗೆ ತಿಳಿಯಕಿಲ್ಲ.”

“ಕೆಳಗೆ ಒಸಿ ನನ್ ಹೆಸ್ರೂ ಹಾಕ್ಸಿ. ಸಣ್ಣಕ್ಷರದಲ್ಲಾದ್ರೂ ಆಯ್ತು.”

ಬಸವಯ್ಯ ಗಿರಾಕಿಗಳತ್ತ ತಿರುಗಿ ನಕ್ಕ. “ಗಂಗಮ್ಮ, ಮೊಟ್ಟೆ ತಿನ್ನೋನು ಎಲ್ಲಾನ ಕೋಳಿ ಹೆಸ್ರು ಕೇಳ್ತಾನಾ?”

ಗಿರಾಕಿಗಳು ನಕ್ಕರು. ಪೆಟ್ಟಿಗೆ ಬಿಚ್ಚುತ್ತಿದ್ದ ಆಳೂ ನಕ್ಕ. ಗಂಗಲಕ್ಷ್ಮಮ್ಮ ಬಿಚ್ಚಿದ ಪೆಟ್ಟಿಗೆಯನ್ನು ಮತ್ತೆ ಮುಚ್ಚಿ, ಎರಡನ್ನೂ ಒಂದರ ಮೇಲೊಂದಿಟ್ಟುಕೊಂಡು ಮೆಟ್ಟಿಲಿಳಿದು ಹೋದಳು.

ಗಂಡ ಮುನಿಶಾಮಯ್ಯ ರೇಷ್ಮೆ ನೂಲು ಬಿಚ್ಚಾಣಿಕೆಯಲ್ಲಿ ದುಡಿದು, ಆ ಕೆಲಸ ಬಿಟ್ಟು ಮನೆಯಲ್ಲಿದ್ದವನು, ಸಾಧು. ಎಲ್ಲವನ್ನೂ ಕೇಳಿ, “ಬುಡು ಅತ್ತಗೆ. ಅವರು ದೊಡ್ಡೋರು. ಅನ್ನ ಕೊಟ್ಟ ಕೈ,” ಎಂದ.

“ಅನ್ನ ನನ್ ಕೈ ಕೊಟ್ಟಿದ್ದು. ಅವನ ಕೈ ಬಡಿಸ್ತು ಅಷ್ಟೆಯಾ,” ಎಂದಳು ಆಕೆ. “ನನ್ನವ್ವನ್ನ ಅವನ ಸೊಸೆ ಹೆತ್ತಳಂತೆ. ನೋಡ್ತಾ ಇರು, ಅವನ ಬಾಯಲ್ಲೇ ಹೆತ್ತಿಲ್ಲ ಅನ್ನುಸ್ತೀನಿ.”

ಒಲೆಯ ಬೆಂಕಿ ನೀರೆರೆದರೆ ಆರುತ್ತದೆ. ಹೊಟ್ಟಿನ ರಾಶಿಗೆ ಬಿದ್ದ ಬೆಂಕಿ ಹಾಗಲ್ಲ. ಮೇಲೆ ಬೂದಿ ಮುಚ್ಚಿಕೊಂಡು ತಣ್ಣಗೆ ಕಾಣುತ್ತದೆ, ಕಾಲಿಟ್ಟವನಿಗೇ ಗೊತ್ತು. ನಾಲ್ಕು ದಿನ ಗಂಗಲಕ್ಷ್ಮಮ್ಮ ಲೇತಿನ ಮುಂದೆ ಕೂರಲಿಲ್ಲ. ಐದನೆಯ ದಿನ, ಜೂನ್ ೧೯ರ ಸೋಮವಾರ, ಅಂಚೆ ಕಚೇರಿ ರಸ್ತೆಯ ಜೆರಾಕ್ಸ್ ಅಂಗಡಿಗೆ ಹೋದಳು. ಅಂಗಡಿಯವಳು ಕೆಹಕಶಾನ್, ಪೀರ್ ಸಾಬರ ಮೊಮ್ಮಗಳು. ಬಸ್ ಪಾಸು, ರೇಷನ್ ಕಾರ್ಡು, ಜಾತಿ ಪ್ರಮಾಣಪತ್ರ ಎಂದು ಅರ್ಧ ಊರಿನ ಅರ್ಜಿಗಳನ್ನು ಕಂಪ್ಯೂಟರಿನಲ್ಲಿ ತುಂಬಿಕೊಡುವವಳು. ಅಜ್ಜನ ಶಿಷ್ಯೆಯನ್ನು ಚಿಕ್ಕಂದಿನಿಂದ ಗಂಗಕ್ಕ ಎಂದೇ ಕರೆಯುತ್ತಿದ್ದಳು.

“ನಂಗೂ ಒಂದು ವೆಬ್‌ಸೈಟ್ ಮಾಡ್ಕೊಡಮ್ಮಿ.”

ಕೆಹಕಶಾನ್ ಕೀಲಿಮಣೆಯಿಂದ ಕೈ ತೆಗೆದಳು. “ಏನ್ ಮಾರಕ್ಕೆ ಗಂಗಕ್ಕ?”

“ಮಾರಕ್ಕಲ್ಲ. ಒಬ್ಬನ ಮಾನ ತೆಗೆಯಕ್ಕೆ.”

ಕಥೆ ಕೇಳಿದ ಮೇಲೆ ಕೆಹಕಶಾನ್ ಹೇಳಿದಳು: “ಪುಕ್ಕಟೆನೇ ಆಗ್ತದೆ. ಸೈಟಿನ ಅಚ್ಚು ಇಂಟರ್ನೆಟ್ ಕಂಪನಿಯೋರೇ ಕೊಡ್ತಾರೆ, ನಾವು ಫೋಟೋ, ಅಕ್ಷರ ತುಂಬ್ಸೋದು ಅಷ್ಟೆ.”

“ಪುಕ್ಕಟೆ ಕೊಡೋನು ಏನ್ ಕಿತ್ಕೊತಾನೆ, ಅದ ಮೊದ್ಲು ಯೋಳು.”

“ಸೈಟಿನ ಹೆಸ್ರಿನ ಬಾಲಕ್ಕೆ ಅವನ ಕಂಪನಿ ಹೆಸ್ರು ಅಂಟ್ಕೊಂಡಿರ್ತದೆ. ಕೆಳಗೆ ಅವನದೊಂದು ಜಾಹೀರಾತಿನ ಪಟ್ಟಿ.”

“ಇಲ್ಲೂ ಇನ್ನೊಬ್ಬನ ಹೆಸ್ರಾ?”

“ಬಾಲದಲ್ಲಿ ಅಕ್ಕ. ತಲೆ ನಿಂದೇ.”

“ಸರಿ, ಮಾಡು.”

ಮುಂದಿನ ಎರಡು ವಾರ, ಅಂಗಡಿಯಲ್ಲಿ ಜನ ಕಡಿಮೆಯಿರುವ ಮಧ್ಯಾಹ್ನಗಳಲ್ಲಿ, ಕೆಲಸ ಸಾಗಿತು. ಮೊದಲು ಗಂಗಲಕ್ಷ್ಮಮ್ಮನ ಹೆಸರಿಗೆ ಒಂದು ಇಮೇಲ್ ವಿಳಾಸ. ಆಮೇಲೆ ಸೈಟಿಗೆ ಹೆಸರು. ಆಮೇಲೆ ಅಚ್ಚಿನ ಆಯ್ಕೆ. ಅಚ್ಚುಗಳಲ್ಲಿ ಮದುವೆಯದಿತ್ತು, ಹೋಟೆಲಿನದಿತ್ತು, ವೈದ್ಯರದಿತ್ತು. ಚಿತ್ರಗಳು ಸಾಲಾಗಿ ದೊಡ್ಡದಾಗಿ ಕಾಣುವುದು ಅಂಗಡಿಯ ಅಚ್ಚಿನಲ್ಲಿ ಮಾತ್ರ ಎಂದು ಅದನ್ನೇ ಆರಿಸಿ, ಅದು ಕೇಳಿದ ಬ್ಯಾಂಕ್ ಖಾತೆಯ ನಂಬರನ್ನೂ ತುಂಬಿದರು. ಮುನಿಶಾಮಯ್ಯನ ಒಗೆದ ಬಿಳಿ ಪಂಚೆಯನ್ನು ಕಿಟಕಿಯ ಬಳಿ ಹಾಸಿ, ಅದರ ಮೇಲೆ ಗೊಂಬೆಗಳನ್ನಿಟ್ಟು ಫೋಟೋ ತೆಗೆದರು.

ಆಗ ಗಂಗಲಕ್ಷ್ಮಮ್ಮ ದೇವರ ಗೂಡಿನಿಂದ ಚೊಚ್ಚಲುಗಳನ್ನು ತಂದಳು. ಪೀರ್ ಸಾಬರ ಕೈಕೆಳಗೆ ಕಲಿತವರಲ್ಲಿ ಒಂದು ನಡವಳಿಕೆಯಿತ್ತು. ಹೊಸದಾಗಿ ಕಲ್ಪಿಸಿದ ಗೊಂಬೆಯ ಮೊದಲನೆಯದನ್ನು ಚೊಚ್ಚಲು ಎನ್ನುತ್ತಿದ್ದರು. ಅದನ್ನು ಮಾರುವಂತಿಲ್ಲ, ದಾನ ಕೊಡುವಂತಿಲ್ಲ. ಅಡಿಯಲ್ಲಿ ಕಾದ ಮೊಳೆಯಿಂದ ತಾರೀಖು ಬರೆದು ಮನೆಯ ದೇವರ ಮುಂದೆ ಇಡಬೇಕು. ಪೀರ್ ಸಾಬರ ಮನೆಯಲ್ಲಿ ಅವು ಕುರಾನ್ ಇಡುವ ಹಲಗೆಯ ಪಕ್ಕದಲ್ಲಿದ್ದವು. ಕೂಸುಮರಿಯ ಚೊಚ್ಚಲಿನ ಅಡಿಯಲ್ಲಿ ‘೯-೨-೨೦೧೧’ ಎಂದಿತ್ತು. ಅದನ್ನು ಶಿವಲಿಂಗಮ್ಮ ತನ್ನ ಕೈಯಲ್ಲಿ ಹಿಡಿದು, “ನನ್ ಮೂಗು ಇಷ್ಟು ಮೊಂಡಾ?” ಎಂದು ಕೇಳಿದ್ದಳು.

ಗೊಂಬೆಯ ಮುಖ, ಬೆನ್ನು, ಅಡಿ, ಮೂರು ಫೋಟೋ ಆದವು. ಕೆಳಗೆ ಬರೆಯಬೇಕಾದ್ದನ್ನು ಗಂಗಲಕ್ಷ್ಮಮ್ಮ ಹೇಳತೊಡಗಿದಳು. ಮೊದಲ ಸಾಲಿನಲ್ಲೇ ಬಸವಯ್ಯನ ವಂಶ ಮೂರು ತಲೆಮಾರಿನವರೆಗೆ ಬಂದುಬಿಟ್ಟಿತು.

ಕೆಹಕಶಾನ್ ಬೆರಳು ನಿಲ್ಲಿಸಿದಳು. “ಬೈಗುಳ ಬರೆದ್ರೆ ನಿನ್ ಮೇಲೆ ಕೇಸು ಗಂಗಕ್ಕ. ತಾರೀಖು ಬರೆದ್ರೆ ಯಾರ ಕೈಲೂ ಏನೂ ಮಾಡಕ್ಕಾಗಲ್ಲ.”

ಆ ಮಾತು ಗಂಗಲಕ್ಷ್ಮಮ್ಮನಿಗೆ ಹಿಡಿಸಿತು. ಹೀಗಾಗಿ ಸೈಟಿನಲ್ಲಿ ಇಷ್ಟೇ ಬಂತು: “ಇದು ನನ್ನ ತಾಯಿ ಶಿವಲಿಂಗಮ್ಮ. ಕಲ್ಪಿಸಿ ಕಡೆದವಳು ಗಂಗಲಕ್ಷ್ಮಮ್ಮ. ಚೊಚ್ಚಲು, ೯-೨-೨೦೧೧.” ಅಂಗಡಿಯ ಅಚ್ಚಾದ್ದರಿಂದ ಪ್ರತಿ ಚಿತ್ರದ ಕೆಳಗೂ ಬೆಲೆಯ ಜಾಗವಿತ್ತು. ಖಾಲಿ ಬಿಟ್ಟರೆ ಅಚ್ಚು ಮುಂದಕ್ಕೆ ಹೋಗಲು ಬಿಡುತ್ತಿರಲಿಲ್ಲ. ಕೆಹಕಶಾನ್ ಎಲ್ಲದಕ್ಕೂ ೯೯೯ ಎಂದು ಒತ್ತಿದಳು. ಅದರ ಪಕ್ಕದಲ್ಲಿ ‘ಕೊಳ್ಳಿ’ ಎಂಬರ್ಥದ ಇಂಗ್ಲಿಷ್ ಗುಂಡಿಯೊಂದು ತಾನಾಗಿ ಮೂಡಿಕೊಂಡಿತು. ಗಂಗಲಕ್ಷ್ಮಮ್ಮನಿಗೆ ಇಂಗ್ಲಿಷ್ ಬಾರದು. ಕೆಹಕಶಾನ್‌ಗೆ ಬಾಗಿಲಲ್ಲಿ ಬಸ್ ಪಾಸಿನವರು ಕಾಯುತ್ತಿದ್ದರು. ಆ ಗುಂಡಿ ಚೊಚ್ಚಲಿನ ಕೆಳಗೂ ಉಳಿಯಿತು.

ಜುಲೈ ೨, ಭಾನುವಾರ, ಸೈಟು ತೆರೆಯಿತು. ಮೊದಲ ತಿಂಗಳಲ್ಲಿ ನೋಡಿದವರ ಸಂಖ್ಯೆ ನಲವತ್ತೊಂದು.

“ಪರವಾಗಿಲ್ಲ ಅಲ್ವಾ?” ಎಂದಳು ಗಂಗಲಕ್ಷ್ಮಮ್ಮ.

“ಅದ್ರಲ್ಲಿ ಮೂವತ್ತು ಸಲ ನೀನೇ ನೋಡಿದ್ದು ಅಕ್ಕ.”

ಆದರೂ ಊರು ಸಣ್ಣದು. ಲಿಂಕು ಒಂದು ಫೋನಿನಿಂದ ಇನ್ನೊಂದಕ್ಕೆ ಹೋಗಿ, ಆಗಸ್ಟಿನ ಎರಡನೆಯ ವಾರದಲ್ಲಿ ಬಸವಯ್ಯನ ಕಣ್ಣಿಗೂ ಬಿತ್ತು. ಅವನು ಫೋನು ಮಾಡಲಿಲ್ಲ, ಜಗಳಕ್ಕೂ ಬರಲಿಲ್ಲ. ಆಗಸ್ಟ್ ೧೧ರ ಶುಕ್ರವಾರ ಬೆಳಿಗ್ಗೆ ಕೆಹಕಶಾನ್ ಅಂಗಡಿ ಮುಚ್ಚಿಕೊಂಡೇ ಗಂಗಲಕ್ಷ್ಮಮ್ಮನ ಮನೆಗೆ ಬಂದಳು.

“ಗಂಗಕ್ಕ, ನಂದು ತಪ್ಪಾಗೋಯ್ತು. ಚೊಚ್ಚಲಿಗೆ ಆರ್ಡರ್ ಬಂದೈತೆ. ದುಡ್ಡೂ ಹಾಕ್ಬುಟ್ಟವ್ರೆ.”

ಕೊಂಡವನ ಹೆಸರು ಅಶ್ವಥ್, ವಿಳಾಸ ಬೆಂಗಳೂರು. ಗಂಗಲಕ್ಷ್ಮಮ್ಮನಿಗೆ ಆ ಹೆಸರು ಗೊತ್ತಿತ್ತು. ಬಸವಯ್ಯನ ತಂಗಿಯ ಮಗ. ಗುರುತು ಸಿಗದಿದ್ದರೂ ನಷ್ಟವಿರಲಿಲ್ಲ. ಆರ್ಡರಿನ ಕೊನೆಯಲ್ಲಿ ‘ಬಿಲ್ ಯಾರ ಹೆಸರಿಗೆ’ ಎಂಬ ಜಾಗದಲ್ಲಿ ಸ್ಪಷ್ಟವಾಗಿ ತುಂಬಿತ್ತು: “ಬಸವಯ್ಯ ಅಂಡ್ ಸನ್ಸ್, ಗೊಂಬೆ ವ್ಯಾಪಾರಿಗಳು, ಚನ್ನಪಟ್ಟಣ.”

ಇದು ಬಸವಯ್ಯನಂಥವನೇ ಮಾಡಬಹುದಾದ ತಪ್ಪು. ಮೂವತ್ತೆರಡು ವರ್ಷದ ವ್ಯಾಪಾರದಲ್ಲಿ ಅವನು ಅಂಗಡಿಯ ಹೆಸರಿಗೆ ಬಿಲ್ ಇಲ್ಲದೆ ಕಸಬರಿಕೆಯನ್ನೂ ಕೊಂಡವನಲ್ಲ. ಮನೆಗೆ ಕುಕ್ಕರ್ ತಂದರೂ ಬಿಲ್ ಅಂಗಡಿಯದೇ. ಗುಟ್ಟಾಗಿ ಸಾಕ್ಷಿಯನ್ನು ಕೊಂಡು ನುಂಗಿಹಾಕಬೇಕೆಂದು ಹೊರಟವನು ತಂಗಿಯ ಮಗನಿಗೆ ಫೋನಿನಲ್ಲಿ ವಿವರ ಹೇಳುವಾಗ, ಬಿಲ್ಲಿನ ಜಾಗ ಬಂದ ಕೂಡಲೇ ಅವನ ನಾಲಗೆ ತನ್ನ ಹಳೆಯ ದಾರಿಯಲ್ಲೇ ಹೊರಳಿತ್ತು.

“ದುಡ್ಡು ವಾಪಸ್ ಹಾಕ್ಬುಡಣ,” ಎಂದಳು ಕೆಹಕಶಾನ್. “ಮಾಲಿಲ್ಲ ಅಂತ ಬರೀತೀನಿ. ಚೊಚ್ಚಲು ಮಾರ್ಬಾರ್ದು ಅಂತ ನಮ್ ದಾದಾ ನಿಂಗೇ ತಾನೆ ಹೇಳಿದ್ದು?”

ಗಂಗಲಕ್ಷ್ಮಮ್ಮ ದೇವರ ಗೂಡಿನ ಕಡೆಗೆ ತಿರುಗಿದಳು. ಅವನ ಕೈಗೆ ಹೋದರೆ ಅದು ಉಳಿಯುವುದಿಲ್ಲವೆಂದು ಆಕೆಗೆ ತಿಳಿದಿತ್ತು. ಕೊಡದಿದ್ದರೆ ತಾಯಿ ಗೂಡಿನಲ್ಲಿರುತ್ತಾಳೆ, ಧನಲಕ್ಷ್ಮಿಯ ಹೆಸರು ಲೋಕದಲ್ಲಿರುತ್ತದೆ. ಕೊಟ್ಟರೆ, ಇದನ್ನು ಗಂಗಲಕ್ಷ್ಮಮ್ಮ ೨೦೧೧ರಲ್ಲಿ ಕಡೆದಳೆಂಬ ಬಿಲ್ಲಿಗೆ ಬಸವಯ್ಯನ ಅಂಗಡಿಯೇ ರುಜು ಹಾಕಿದಂತಾಗುತ್ತದೆ. ಎರಡೂ ಒಟ್ಟಿಗೆ ಸಿಗುವಂತಿರಲಿಲ್ಲ.

“ಮಾರ್ತೀನಿ,” ಎಂದಳು.

“ಗಂಗಕ್ಕ.”

“ಮಾರ್ತೀನಿ ಕಣಮ್ಮಿ. ನಿಮ್ ತಾತ ಒಳ್ಳೇರು, ಅವ್ರಿಗೆ ಬಸವಯ್ಯ ಸಿಕ್ಕಿರ್ಲಿಲ್ಲ. ಒಂದು ಬಿಲ್ ಪುಸ್ತಕ ತಕ್ಕಂಬಾ, ನಕಲು ಹಾಳೆ ಇರೋದು.”

ಆಗಸ್ಟ್ ೨೦, ಭಾನುವಾರ, ನಾಗರಪಂಚಮಿಯ ಹಿಂದಿನ ದಿನ. ಶ್ರಾವಣ ಹುಟ್ಟಿದ್ದರೂ ಮಳೆಯಿರಲಿಲ್ಲ, ಬಿಸಿಲು ಚೈತ್ರದಂತಿತ್ತು. ಭಾನುವಾರವೇ ಏಕೆಂದರೆ ಮಳಿಗೆಯಲ್ಲಿ ಜನ ಇರಬೇಕಿತ್ತು. ಇದ್ದರು. ಮಾಗಡಿಯಿಂದ ಪ್ರವಾಸ ಹೊರಟ ಶಾಲಾ ಶಿಕ್ಷಕ ಶಿಕ್ಷಕಿಯರ ವ್ಯಾನೊಂದು ಬಂದು ನಿಂತಿತ್ತು. ಹನ್ನೊಂದು ಗಂಟೆಗೆ ಗಂಗಲಕ್ಷ್ಮಮ್ಮ, ಅವಳ ಹಿಂದೆ ಕೆಹಕಶಾನ್, ಒಳಗೆ ಬಂದರು.

“ಏನ್ ಗಂಗಮ್ಮ, ಎರಡು ತಿಂಗ್ಳಿಂದ ಈ ಕಡೆ ತಲೆನೇ ಹಾಕಿಲ್ಲ,” ಎಂದ ಬಸವಯ್ಯ.

“ಮಾಲು ತಂದಿವ್ನಿ ಯಜಮಾನ್ರೇ. ನೀವ್ ತರಿಸ್ಕೊಂಡಿದ್ದು.” ಆಕೆ ಗೊಂಬೆಯನ್ನೂ ಬಿಲ್ ಪುಸ್ತಕವನ್ನೂ ಗಾಜಿನ ಮೇಜಿನ ಮೇಲಿಟ್ಟಳು.

ಬಸವಯ್ಯನ ಕಣ್ಣು ಗೊಂಬೆಯ ಮೇಲೆ ಬಿತ್ತು. “ಬೆಂಗಳೂರ್ಗೆ ಕಳಿಸೋದು ಬುಟ್ಟು ಇಲ್ಲಿಗ್ಯಾಕ್ ತಂದೆ?” ಎಂದ, ಎಂದ ಮೇಲೆ ತುಟಿ ಕಚ್ಚಿಕೊಂಡ.

“ಅಂಗಾರೆ ಆರ್ಡರ್ ನಿಮ್ದೇ. ನಾನು ಯಾರೋ ಕಳ್ಳರು ನಿಮ್ ಹೆಸ್ರು ಬರೆದವ್ರೆ ಅನ್ಕೊಂಡಿದ್ದೆ. ಬಿಲ್ ಯಾರ ಹೆಸ್ರಿಗೋ ಮಾಲು ಅವ್ರ ಬಾಗಿಲಿಗೆ, ನೀವೇ ಕಲಿಸಿದ್ದು. ರುಜು ಹಾಕ್ಬುಡಿ, ಹೋಯ್ತೀನಿ.”

“ಆಮೇಲೆ ಬಾ. ಗಿರಾಕಿ ಅವ್ರೆ.”

“ಇರ್ಲಿ. ಅವರೂ ನೋಡ್ಲಿ.”

ಶಿಕ್ಷಕಿಯರಲ್ಲಿ ಹಿರಿಯರೊಬ್ಬರು, ಮಕ್ಕಳ ಕಾಪಿ ಪುಸ್ತಕ ನೋಡಿ ನೋಡಿ ಕಣ್ಣು ಪಳಗಿದವರು, ಬಿಲ್ಲನ್ನು ಕೈಗೆತ್ತಿಕೊಂಡು ಗಟ್ಟಿಯಾಗಿ ಓದಿದರು: “ಕೂಸುಮರಿ ಅಜ್ಜಿ, ಚೊಚ್ಚಲು, ಒಂದು. ಕಲ್ಪಿಸಿ ಕಡೆದವರು ಗಂಗಲಕ್ಷ್ಮಮ್ಮ. ಕಡೆದ ದಿನ ಒಂಬತ್ತು, ಎರಡು, ಎರಡು ಸಾವಿರದ ಹನ್ನೊಂದು.” ಗೊಂಬೆಯನ್ನು ತಿರುಗಿಸಿ ಅಡಿಯನ್ನೂ ನೋಡಿದರು. ಆಮೇಲೆ ಕಪಾಟಿನಲ್ಲಿದ್ದ ಕೂಸುಮರಿಗಳ ಮುಂದಿನ ಚೀಟಿಯನ್ನು ಓದಿದರು. “ಯಜಮಾನ್ರೇ, ಇಲ್ಲಿ ಧನಲಕ್ಷ್ಮಿ, ಹತ್ತೊಂಬತ್ತು ಅಂತ ಇದೆಯಲ್ಲ. ಮಗು ಹುಟ್ಟಿ ಎಂಟು ವರ್ಷ ಆದಮೇಲೆ ಬಸುರಿ ಆದ್ರಾ ಇವರು?”

ಮಳಿಗೆ ತುಂಬ ನಗು. ಜೂನಿನಲ್ಲಿ ನಕ್ಕಿದ್ದ ಆಳು ಈ ಸಲವೂ ನಕ್ಕ.

ದುಡ್ಡಿನ ಮೇಜಿನ ಹಿಂದೆ ಕುಳಿತಿದ್ದ ಸೊಸೆ ಧನಲಕ್ಷ್ಮಿ ಎದ್ದು ಬಂದಳು. ಇಪ್ಪತ್ತೇಳರ ಹೆಣ್ಣುಮಗಳು. ತನ್ನ ಹೆಸರನ್ನು ಮಾವ ಬಳಸಿದ್ದು ಅವಳಿಗೆ ಗೊತ್ತಿತ್ತು. ಗೊಂಬೆ ಯಾರದೂ ಅಲ್ಲವೆಂದು ಅವನು ಹೇಳಿದ್ದ, ಅವಳು ಹೆಚ್ಚು ಕೇಳಿರಲಿಲ್ಲ.

“ಮಾವ, ಹಳೇ ಗೊಂಬೆ, ಯಾರದೂ ಅಲ್ಲ ಅಂದಿದ್ರಲ್ಲ?”

“ಒಳಗೋಗಮ್ಮ ನೀನು.”

“ಹನ್ನೊಂದನೇ ಇಸ್ವಿ ಫೆಬ್ರವರೀಲಿ ನಾನು ಕನಕಪುರದಲ್ಲಿ ಎಸ್ಸೆಸ್ಸೆಲ್ಸಿ ಓದ್ತಿದ್ದೆ. ಲೇತ್ ಹೆಂಗಿರ್ತದೆ ಅಂತಾನೂ ನೋಡಿರ್ಲಿಲ್ಲ. ಕಳ್ಳಿ ಅನ್ನಿಸ್ಕೊಳ್ಳೋಳು ನಾನಾ?”

ಧನಲಕ್ಷ್ಮಿ ಅಂಗಡಿಯ ಮೊಹರನ್ನು ತಂದು, ಬಿಲ್ಲಿನ ಎರಡೂ ಪ್ರತಿಗಳಿಗೆ ಒತ್ತಿ, ‘ಮಾಲು ಮುಟ್ಟಿದೆ’ ಎಂದು ಬರೆದು ರುಜು ಹಾಕಿದಳು. ಆಮೇಲೆ ಕಪಾಟಿನ ಚೀಟಿಯನ್ನು ಕಿತ್ತು ಮುದುರಿ ಮಾವನ ಮುಂದಿಟ್ಟು ತನ್ನ ಜಾಗಕ್ಕೆ ಹೋದಳು.

ಗಂಗಲಕ್ಷ್ಮಮ್ಮ ಗೊಂಬೆಯನ್ನು ಎರಡು ಕೈಯಲ್ಲೂ ಎತ್ತಿ ಬಸವಯ್ಯನ ಕಡೆಗೆ ಚಾಚಿದಳು. ಅವನು ಹಿಡಿದ ಮೇಲೂ ಆಕೆಯ ಬೆರಳುಗಳು ಬಿಡಲು ಸ್ವಲ್ಪ ಹೊತ್ತು ಹಿಡಿಯಿತು. ಬಿಟ್ಟಳು.

“ನಮ್ಮವ್ವ ಯಜಮಾನ್ರೇ. ಹುಷಾರಾಗಿ ಮಡಿಕ್ಕಳಿ.”

ಹೊರಗೆ ಬಂದ ಮೇಲೆ ಕೆಹಕಶಾನ್, “ಸಮಾಧಾನ ಆಯ್ತಾ ಗಂಗಕ್ಕ?” ಎಂದಳು. “ಆಯ್ತು,” ಎಂದಳು ಗಂಗಲಕ್ಷ್ಮಮ್ಮ. “ಅವನ ಮುಖ ಇನ್ನೊಂದ್ಸಲ ನೋಡ್ಬೇಕು ಅನ್ನುಸ್ತೈತೆ. ಫೋನಲ್ಲಿ ಹಿಡ್ಕೊಂಡಿದ್ದೀಯೇನಮ್ಮಿ?” ಆಕೆಗೆ ಪಶ್ಚಾತ್ತಾಪವಾಯಿತೆಂದು ಬರೆದರೆ ಅದು ಸುಳ್ಳಾಗುತ್ತದೆ. ಆದರೆ ಮನೆಯ ತಿರುವಿನಲ್ಲಿ ಎರಡು ನಿಮಿಷ ನಿಂತು ಸೆರಗಿನಿಂದ ಕಣ್ಣೊರೆಸಿಕೊಂಡದ್ದೂ ನಿಜ.

ಆಮೇಲೆ ನಡೆದದ್ದು ಇಷ್ಟು. ಅದೇ ಭಾನುವಾರ ಮಧ್ಯಾಹ್ನ ಮೂರೂ ಹತ್ತಕ್ಕೆ ಮೊಹರು ಬಿದ್ದ ಬಿಲ್ಲಿನ ಚಿತ್ರ ಗಂಗಲಕ್ಷ್ಮಮ್ಮನ ಸೈಟಿಗೆ ಬಂತು. ಆಗಸ್ಟ್ ೨೪ರ ಗುರುವಾರ ಬಸವಯ್ಯನ ಸೈಟಿನಿಂದ ಧನಲಕ್ಷ್ಮಿಯ ಹೆಸರನ್ನು ತೆಗೆದರು; ಬೇರೆ ಯಾರ ಹೆಸರನ್ನೂ ಹಾಕಲಿಲ್ಲ. ಚೊಚ್ಚಲನ್ನು ಆ ಭಾನುವಾರ ಸಂಜೆಯೇ ಹಂಡೆ ಒಲೆಗೆ ಹಾಕಿದರೆಂದು ಆಳು ಹೇಳಿದ, ಬಸವಯ್ಯ ಅಲ್ಲವೆಂದ. ಆ ಮೇಲೆ ಅದನ್ನು ಕಂಡವರಿಲ್ಲ. ಬಸವಯ್ಯ ಮತ್ತೆ ಎಂದೂ, ಅವನ ಮಾತು ಕೇಳಿದ ಇನ್ನು ಮೂರು ಮಳಿಗೆಯವರು ೨೦೨೪ರ ಮಾರ್ಚಿಯವರೆಗೆ, ಗಂಗಲಕ್ಷ್ಮಮ್ಮನಿಗೆ ಕೆಲಸ ಕೊಡಲಿಲ್ಲ. ಆ ಏಳು ತಿಂಗಳು ಆಕೆ ಲಟ್ಟಣಿಗೆ ಕಡೆದು ಸಂತೆಯಲ್ಲಿ ಮಾರಿದಳು. ಸೈಟಿನ ಮೂಲಕ ಮೊದಲ ದೊಡ್ಡ ಆರ್ಡರ್ ಬಂದದ್ದು ೨೦೨೩ರ ನವೆಂಬರ್ ೬ರಂದು, ಮೈಸೂರಿನ ಒಂದು ಶಿಶುವಿಹಾರದಿಂದ, ನೂರಿಪ್ಪತ್ತು ಕೂಸುಮರಿ. ಮುನಿಶಾಮಯ್ಯ ಗಾಲಿಗಳಿಗೆ ಅರಗು ಹಿಡಿಯುವುದನ್ನು ಕಲಿತ. ಧನಲಕ್ಷ್ಮಿ ೨೦೨೪ರ ಜನವರಿಯಲ್ಲಿ ಹಾರೋಹಳ್ಳಿಯ ಒಂದು ಕಾರ್ಖಾನೆಯ ಕಚೇರಿಗೆ ಸೇರಿದಳು. ಮಾವನ ಮಳಿಗೆಗೆ ಮತ್ತೆ ಬರಲಿಲ್ಲ. ಗಂಗಲಕ್ಷ್ಮಮ್ಮನೂ ಬಸವಯ್ಯನೂ ಈವರೆಗೆ ಮಾತಾಡಿಲ್ಲ. ೨೦೨೪ರ ಮೇ ೧೮ರಂದು ಬಸ್ ನಿಲ್ದಾಣದಲ್ಲಿ ಎದುರಾದಾಗ ಬಸವಯ್ಯನೇ ದಾರಿ ಬಿಟ್ಟು ಆಚೆಗೆ ಹೋದ.